‘ಕಾಲಾಗ ಕಸುವಿಲ್ಲ’ ಅನ್ನೋದು ಬರೀ ವಯಸ್ಸಿನ ಮಾತಲ್ಲ

ಅಥಣಿ ಕಡೆಯ ಯಾವ ಹಳ್ಳಿಯ ಕಟ್ಟೆಗೆ ಹೋದರೂ ಈ ಮಾತು ಕಿವಿಗೆ ಬೀಳುತ್ತೆ: “ಕಾಲಾಗ ಕಸುವಿಲ್ಲೋ ತಮ್ಮಾ, ವಯಸ್ಸಾತು.” ಹೇಳೋರು ದಶಕಗಟ್ಟಲೆ ಕಬ್ಬು ಕಡಿದವರು, ಚಪ್ಪಲಿ ಹೊಲಿದವರು, ಕೊಡ ಹೊತ್ತವರು. ನಾವು ತಲೆಯಾಡಿಸಿ ಮುಂದೆ ಹೋಗ್ತೀವಿ.

ಆದರೆ ಈ ‘ಕಸುವಿಲ್ಲ’ಕ್ಕೆ ವೈದ್ಯಕೀಯದಲ್ಲಿ ಒಂದು ಹೆಸರಿದೆ: ಸಾರ್ಕೊಪೀನಿಯಾ. ಅಂದ್ರೆ ಸ್ನಾಯು ಕರಗಿ, ಬಲ ಕುಂದೋದು. 1989ರಲ್ಲಿ ಅಮೆರಿಕದ ಅರ್ವಿನ್ ರೋಸೆನ್‌ಬರ್ಗ್ ಈ ಪದ ಕೊಟ್ಟರು. 2016ರಲ್ಲಷ್ಟೇ ಅಲ್ಲಿನ ರೋಗಗಳ ಪಟ್ಟಿಯಲ್ಲಿ ಇದಕ್ಕೆ ಪ್ರತ್ಯೇಕ ಸಂಕೇತ ಸಿಕ್ಕಿತು.

ಒಳಗೆ ಏನಾಗುತ್ತೆ?

ನಡುವಯಸ್ಸಿನಿಂದಲೇ ಸ್ನಾಯು ನಿಧಾನವಾಗಿ ಕರಗುತ್ತೆ, ಅರವತ್ತರ ನಂತರ ವೇಗ ಹೆಚ್ಚುತ್ತೆ. ಮೊದಲು ಸೊರಗೋದು ಚುರುಕಾಗಿ ಕೆಲಸ ಮಾಡೋ ಎಳೆಗಳು. ಎಡವಿದಾಗ ತಟ್ಟನೆ ನಮ್ಮನ್ನು ಹಿಡಿಯೋದು ಇವೇ. ಹಾಗಾಗಿ ಬಚ್ಚಲಲ್ಲಿ ಕಾಲು ಜಾರಿದರೆ ಸೊಂಟದ ಎಲುಬು ಮುರಿಯುತ್ತೆ, ಆಮೇಲೆ ಹಾಸಿಗೆ. ಆರೋಗ್ಯವಂತ ಹಿರಿಯರೂ ಹತ್ತು ದಿನ ಮಲಗಿದರೆ ಕಾಲಿನಲ್ಲೇ ಸುಮಾರು ಒಂದು ಕಿಲೋ ಸ್ನಾಯು ಕಳ್ಕೊಳ್ತಾರೆ.

“ಜೀವನಪೂರ್ತಿ ದುಡಿದೋರಿಗೆ ಇದು ಬರಲ್ಲ” ಅನ್ನೋದು ತಪ್ಪು. ಹಿಂದೆ ದುಡಿದು ಗಳಿಸಿದ ಸ್ನಾಯು, ದುಡಿಮೆ ನಿಂತು ಊಟ ಕಮ್ಮಿಯಾದರೆ ಉಳಿಯಲ್ಲ.

ಮನೆಯಲ್ಲೇ ನೋಡಿ

ಕೈ ಎದೆಗೆ ಕಟ್ಟಿಕೊಂಡು, ಕುರ್ಚಿಯಿಂದ ಐದು ಸಲ ಎದ್ದು ಕೂರಲು ಅಜ್ಜನಿಗೆ ಹೇಳಿ. ಪಕ್ಕದಲ್ಲೇ ನಿಂತಿರಿ. ಏಷ್ಯಾದ ತಜ್ಞರ 2019ರ ಮಾನದಂಡದಂತೆ 12 ಸೆಕೆಂಡ್ ಅಥವಾ ಹೆಚ್ಚು ಬೇಕಾದರೆ ಡಾಕ್ಟರ್‌ಗೆ ತೋರಿಸೋದು ಒಳ್ಳೇದು.

ಹೋದ ಕಸುವು ಮರಳುತ್ತಾ? ಬಹಳಷ್ಟು ಮರಳುತ್ತೆ. 1994ರಲ್ಲಿ ಬಾಸ್ಟನ್‌ನ ವೃದ್ಧಾಶ್ರಮವೊಂದರಲ್ಲಿ, ಸರಾಸರಿ 87 ವರ್ಷದ ನೂರು ದುರ್ಬಲ ಹಿರಿಯರ ಮೇಲೆ ಪ್ರಯೋಗ ನಡೀತು. ಹತ್ತು ವಾರ ಭಾರದ ವ್ಯಾಯಾಮ ಮಾಡಿದವರ ಬಲ ದುಪ್ಪಟ್ಟಾಯ್ತು. ಬರೀ ಪೌಷ್ಟಿಕ ಪಾನೀಯ ಕುಡಿದವರಿಗೆ ಅಂಥ ಲಾಭ ಸಿಗಲಿಲ್ಲ. ಟಾನಿಕ್ ಬಾಟಲಿಗಿಂತ ಕುರ್ಚಿಯಿಂದ ಎದ್ದು ಕೂರೋದು, ಮೆಟ್ಟಿಲು ಹತ್ತೋದು ಮುಖ್ಯ.

ಆದರೆ ತಾಟಿನಲ್ಲಿ ಏನಿದೆ?

50 ಕಿಲೋ ತೂಕದ ಹಿರಿಯರಿಗೆ ದಿನಕ್ಕೆ 50 ಗ್ರಾಂ ಪ್ರೋಟೀನ್ ಬೇಕು ಅಂತ ತಜ್ಞರು ಹೇಳ್ತಾರೆ (ಕಿಡ್ನಿ ಕಾಯಿಲೆ ಇದ್ದರೆ ಡಾಕ್ಟರನ್ನು ಕೇಳಿ). 200 ಗ್ರಾಂ ಜೋಳದ ಹಿಟ್ಟಿನ ರೊಟ್ಟಿಯಲ್ಲಿ ಸಿಗೋದು ಸುಮಾರು 20. ಉಳಿದದ್ದು ಕಾಳುಪಲ್ಯೆ, ಶೇಂಗಾ ಹಿಂಡಿ, ಮೊಸರು, ತತ್ತಿಯಿಂದ ಬರಬೇಕು. ಹಲ್ಲಿಲ್ಲದ ಆಯಿ ರೊಟ್ಟಿಯನ್ನು ಚಹಾದಲ್ಲಿ ಅದ್ದಿ ತಿಂದು ಮಲಗಿದರೆ ಅದು ಬರೋದು ಎಲ್ಲಿಂದ?

ಇಲ್ಲಿ ರಾಜಕೀಯ ಶುರುವಾಗುತ್ತೆ. ಸಂಧ್ಯಾ ಸುರಕ್ಷಾದ ತಿಂಗಳ 1,200 ರೂಪಾಯಿ ಅಂದ್ರೆ ದಿನಕ್ಕೆ 40. ಅದರಲ್ಲೇ ಮಾತ್ರೆ, ಬಸ್ಸು, ಚಹಾ. 60ರಿಂದ 79 ವರ್ಷದವರ ವೃದ್ಧಾಪ್ಯ ಪಿಂಚಣಿಗೆ ಕೇಂದ್ರ ಕೊಡೋ ಪಾಲು 200 ರೂಪಾಯಿ. ಹಿರಿಯರ ಆರೋಗ್ಯಕ್ಕೆ ರಾಷ್ಟ್ರೀಯ ಕಾರ್ಯಕ್ರಮ 2010ರಿಂದ ಇದೆ. ಕುರ್ಚಿ ಮತ್ತು ಗಡಿಯಾರ ಮಾತ್ರ ಬೇಕಾದ ಈ ಪರೀಕ್ಷೆಯನ್ನು ಬಿಪಿ, ಶುಗರ್ ನೋಡೋವಾಗಲೇ ಮಾಡಬಹುದು.

ಮಕ್ಕಳ ತಟ್ಟೆಗೆ ಮೊಟ್ಟೆ ಬೇಕು ಅಂತ ನಾವು ಜಗಳ ಆಡಿದ್ದೀವಿ, ಸರಿ. ಅಜ್ಜಿ ತಾಟಿಗೂ ಅದೇ ಜಗಳ ಬೇಕು.