ಚೊಚ್ಚಲ ಮಗುವಿನ ಮೊದಲ 42 ದಿನಗಳು: ತಂದೆ ತಾಯಂದಿರಿಗೆ ಮಾಹಿತಿ

ಪೀಠಿಕೆ

ಹೆರಿಗೆಯು ಸುರಕ್ಷಿತವಾಗಿ ನೆರವೇರಿ ತಾಯಿ ಮತ್ತು ಮಗು ಮನೆಗೆ ಬಂದೊಡನೆ ಆತಂಕದ ಕಾಲವು ಕಳೆಯಿತೆಂದು ಬಹುತೇಕ ಕುಟುಂಬಗಳು ಭಾವಿಸುತ್ತವೆ. ವಾಸ್ತವವಾಗಿ ಜನನದ ನಂತರದ ಮೊದಲ 28 ದಿನಗಳು ಮಗುವಿಗೆ ಅತ್ಯಂತ ಸೂಕ್ಷ್ಮವಾದ ಅವಧಿಯಾಗಿರುತ್ತವೆ. ತಾಯಿಗೂ ಹೆರಿಗೆಯ ನಂತರದ 42 ದಿನಗಳವರೆಗೆ ವಿಶೇಷ ಆರೈಕೆಯ ಅಗತ್ಯವಿರುತ್ತದೆ. ಆಸ್ಪತ್ರೆಯಲ್ಲಿ ಶುಶ್ರೂಷಕಿಯರು ವಹಿಸುತ್ತಿದ್ದ ನಿಗಾವನ್ನು ಈ ಅವಧಿಯಲ್ಲಿ ಮನೆಯವರೇ ವಹಿಸಬೇಕಾಗುತ್ತದೆ.

ನಮ್ಮ ರಾಜ್ಯದಲ್ಲಿ ಚೊಚ್ಚಲ ಹೆರಿಗೆ ಮತ್ತು ಬಾಣಂತನವು ಸಾಮಾನ್ಯವಾಗಿ ತವರುಮನೆಯಲ್ಲಿ ನಡೆಯುತ್ತದೆ. ಗರ್ಭಿಣಿಯ ಹೆಸರು ಒಂದು ಊರಿನ ಆರೋಗ್ಯ ಕೇಂದ್ರದಲ್ಲಿ ದಾಖಲಾಗಿದ್ದು, ಹೆರಿಗೆಯು ಮತ್ತೊಂದು ಊರಿನಲ್ಲಿ ಆದಾಗ, ಆಶಾ ಕಾರ್ಯಕರ್ತೆಯ ಭೇಟಿ, ಲಸಿಕೆ ಹಾಗೂ ಜನನ ನೋಂದಣಿಯ ಹೊಣೆ ಯಾರದೆಂಬ ಗೊಂದಲ ಉಂಟಾಗುತ್ತದೆ. ಆದುದರಿಂದ ಈ ಅವಧಿಯಲ್ಲಿ ಪಾಲಿಸಬೇಕಾದ ಕ್ರಮಗಳನ್ನು ಇಲ್ಲಿ ವಿವರಿಸಲಾಗಿದೆ.

1. ಆಸ್ಪತ್ರೆಯಿಂದ ಹೊರಡುವ ಮುನ್ನ

ಸಹಜ ಹೆರಿಗೆಯಾದಲ್ಲಿ ಕನಿಷ್ಠ 48 ಗಂಟೆಗಳ ಕಾಲ ಆಸ್ಪತ್ರೆಯಲ್ಲಿಯೇ ಉಳಿಯುವುದು ಸೂಕ್ತ. ಬಿಡುಗಡೆಗೆ ಮುನ್ನ ಪೋಷಕರು ಈ ಕೆಳಕಂಡ ಅಂಶಗಳನ್ನು ಖಚಿತಪಡಿಸಿಕೊಳ್ಳತಕ್ಕದ್ದು.

ಅ) ಮಗುವಿನ ಜನನ ತೂಕವನ್ನು ತಾಯಿ ಕಾರ್ಡಿನಲ್ಲಿ ನಮೂದಿಸಲಾಗಿದೆಯೇ ಎಂಬುದು. 2.5 ಕಿಲೋಗ್ರಾಂಗಿಂತ ಕಡಿಮೆ ತೂಕದ ಮಗುವಿಗೆ ಹೆಚ್ಚಿನ ಆರೈಕೆ ಬೇಕಾಗುತ್ತದೆ.
ಆ) ಜನನದ ವೇಳೆಯ ಲಸಿಕೆಗಳಾದ ಬಿ.ಸಿ.ಜಿ., ಪೋಲಿಯೋ ಹನಿ ಮತ್ತು ಹೆಪಟೈಟಿಸ್ ಬಿ ನೀಡಲಾಗಿದೆಯೇ ಎಂಬುದು. ಇವುಗಳಲ್ಲಿ ಹೆಪಟೈಟಿಸ್ ಬಿ ಲಸಿಕೆಯನ್ನು 24 ಗಂಟೆಗಳೊಳಗೆ ನೀಡಬೇಕು.
ಇ) ಜನನ ವರದಿಯಲ್ಲಿ ತಂದೆ ತಾಯಿಯರ ಹೆಸರು ಮತ್ತು ವಿಳಾಸ ಸರಿಯಾಗಿದೆಯೇ ಎಂಬುದು. ಒಂದು ಅಕ್ಷರದ ತಪ್ಪು ಮುಂದೆ ತಿದ್ದುಪಡಿಗಾಗಿ ಹಲವು ಬಾರಿ ಅಲೆದಾಡುವಂತೆ ಮಾಡಬಹುದು.
ಈ) ತಾಯಿ ಮತ್ತು ಮಗು ತೆರಳುವ ಊರಿನ ಆಶಾ ಕಾರ್ಯಕರ್ತೆಗೆ ಮಾಹಿತಿ ತಲುಪಿದೆಯೇ ಎಂಬುದು.

2. ಆಶಾ ಕಾರ್ಯಕರ್ತೆಯ ಮನೆ ಭೇಟಿ

ನವಜಾತ ಶಿಶುವಿನ ಗೃಹಾಧಾರಿತ ಆರೈಕೆ ಕಾರ್ಯಕ್ರಮವು 2011ರಿಂದ ಜಾರಿಯಲ್ಲಿದೆ. ಇದರನ್ವಯ ಆಸ್ಪತ್ರೆಯಲ್ಲಿ ಹೆರಿಗೆಯಾದಲ್ಲಿ ಆಶಾ ಕಾರ್ಯಕರ್ತೆಯು 3, 7, 14, 21, 28 ಮತ್ತು 42ನೇ ದಿನಗಳಂದು, ಒಟ್ಟು 6 ಬಾರಿ ಮನೆಗೆ ಭೇಟಿ ನೀಡುತ್ತಾರೆ. ಮನೆಯಲ್ಲಿ ಹೆರಿಗೆಯಾಗಿದ್ದಲ್ಲಿ ಮೊದಲ ದಿನವೂ ಸೇರಿ 7 ಭೇಟಿಗಳಿರುತ್ತವೆ. ಪ್ರತಿ ಭೇಟಿಯಲ್ಲಿ ಮಗುವಿನ ತೂಕ, ಮೈಯ ತಾಪ ಮತ್ತು ಉಸಿರಾಟವನ್ನು ಪರೀಕ್ಷಿಸಿ, ತಾಯಿಯ ಆರೋಗ್ಯವನ್ನು ವಿಚಾರಿಸಲಾಗುತ್ತದೆ. ಈ ಸೇವೆಗೆ ಕುಟುಂಬವು ಯಾವುದೇ ಶುಲ್ಕ ನೀಡಬೇಕಾಗಿಲ್ಲ.

ಬಾಣಂತಿಯು ತವರುಮನೆಯಲ್ಲಿದ್ದಲ್ಲಿ ಆ ಊರಿನ ಆಶಾ ಕಾರ್ಯಕರ್ತೆಯೇ ಭೇಟಿ ನೀಡತಕ್ಕದ್ದು. ಬಾಣಂತನದ ಮಧ್ಯದಲ್ಲಿ ಊರು ಬದಲಾಯಿಸಿದಲ್ಲಿ ಎರಡೂ ಊರುಗಳ ಕಾರ್ಯಕರ್ತೆಯರಿಗೆ ತಿಳಿಸಿ, ತಾಯಿ ಕಾರ್ಡನ್ನು ತಪ್ಪದೇ ಜೊತೆಯಲ್ಲಿ ಕೊಂಡೊಯ್ಯಬೇಕು.

3. ಮಗುವಿಗೆ ಹಾಲುಣಿಸುವುದು

ಜನನವಾದ ಒಂದು ಗಂಟೆಯೊಳಗೆ ಎದೆಹಾಲುಣಿಸಲು ಆರಂಭಿಸಬೇಕು. ಮೊದಲ ದಿನಗಳಲ್ಲಿ ಬರುವ ಹಳದಿ ಬಣ್ಣದ ಗಿಣ್ಣು ಹಾಲು ಪ್ರಮಾಣದಲ್ಲಿ ಅಲ್ಪವಾಗಿದ್ದರೂ ಮಗುವಿನ ಪುಟ್ಟ ಹೊಟ್ಟೆಗೆ ಸಾಕಾಗುವಷ್ಟಿರುತ್ತದೆ ಮತ್ತು ರೋಗ ನಿರೋಧಕ ಅಂಶಗಳಿಂದ ಕೂಡಿರುತ್ತದೆ. ಇದನ್ನು ಹಿಂಡಿ ಚೆಲ್ಲಬಾರದು.

ಮೊದಲ 6 ತಿಂಗಳು ಮಗುವಿಗೆ ಎದೆಹಾಲನ್ನು ಹೊರತುಪಡಿಸಿ ನೀರು, ಸಕ್ಕರೆ ನೀರು, ಹಸುವಿನ ಹಾಲು, ಜೇನುತುಪ್ಪ, ಹರಳೆಣ್ಣೆ, ತೇದ ಬಜೆ ಇತ್ಯಾದಿ ಯಾವುದನ್ನೂ ನೀಡಬಾರದು. ಬೇಸಿಗೆಯಲ್ಲಿಯೂ ಎದೆಹಾಲಿನಲ್ಲಿರುವ ನೀರಿನಂಶವೇ ಸಾಕಾಗುತ್ತದೆ. ವೈದ್ಯರು ಸೂಚಿಸಿದ ಔಷಧಿಗಳಿಗೆ ಈ ನಿರ್ಬಂಧ ಅನ್ವಯಿಸುವುದಿಲ್ಲ. ಜೇನುತುಪ್ಪದಲ್ಲಿರಬಹುದಾದ ಒಂದು ಬಗೆಯ ರೋಗಾಣುವು ಒಂದು ವರ್ಷದೊಳಗಿನ ಮಗುವಿನ ಸ್ನಾಯುಗಳನ್ನು ದುರ್ಬಲಗೊಳಿಸಿ ಪ್ರಾಣಾಪಾಯ ಉಂಟುಮಾಡಬಹುದಾಗಿದೆ.

ಹಗಲು ರಾತ್ರಿ ಸೇರಿ 24 ಗಂಟೆಗಳಲ್ಲಿ 8 ರಿಂದ 12 ಬಾರಿ ಹಾಲುಣಿಸಬೇಕು. ಹಾಲು ಸಾಲುತ್ತಿಲ್ಲವೆಂಬ ಅನುಮಾನವು ಚೊಚ್ಚಲ ತಾಯಂದಿರಲ್ಲಿ ಸಾಮಾನ್ಯ. ಮೊದಲ ವಾರದ ನಂತರ ಮಗುವು ದಿನಕ್ಕೆ 6 ಅಥವಾ ಹೆಚ್ಚು ಬಾರಿ ಮೂತ್ರ ವಿಸರ್ಜಿಸುತ್ತಿದ್ದು, ಹಾಲು ಕುಡಿದ ನಂತರ ತೃಪ್ತಿಯಿಂದಿದ್ದು, ತೂಕವು ಹೆಚ್ಚುತ್ತಿದ್ದಲ್ಲಿ ಹಾಲು ಸಾಕಾಗುತ್ತಿದೆಯೆಂದು ತಿಳಿಯಬಹುದು. ಜನಿಸಿದ ಮೊದಲ ಕೆಲವು ದಿನಗಳಲ್ಲಿ ಮಗುವಿನ ತೂಕವು ಸ್ವಲ್ಪ ಇಳಿಯುವುದು ಸಹಜ. ಸುಮಾರು ಎರಡು ವಾರಗಳೊಳಗೆ ಅದು ಜನನ ತೂಕಕ್ಕೆ ಮರಳಬೇಕು.

4. ಸ್ನಾನ, ಹೊಕ್ಕುಳಿನ ಆರೈಕೆ ಮತ್ತು ಮನೆಯ ಪದ್ಧತಿಗಳು

ಜನಿಸಿದ ಮೊದಲ 24 ಗಂಟೆಗಳಲ್ಲಿ ಮಗುವಿಗೆ ಸ್ನಾನ ಮಾಡಿಸಬಾರದು. ಮಗುವಿನ ಪಾದ ಮತ್ತು ಹೊಟ್ಟೆಯನ್ನು ಮುಟ್ಟಿ ನೋಡಿದಾಗ ಎರಡೂ ಬೆಚ್ಚಗಿರಬೇಕು. ಪಾದಗಳು ತಣ್ಣಗಿದ್ದಲ್ಲಿ ಮಗುವನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಇರಿಸಿ ಮೇಲೆ ಹೊದಿಸಬೇಕು. ಕಾಂಗರೂ ಆರೈಕೆ ಎಂದು ಕರೆಯಲಾಗುವ ಈ ವಿಧಾನವನ್ನು ತಂದೆಯೂ ಅನುಸರಿಸಬಹುದಾಗಿದ್ದು, ಕಡಿಮೆ ತೂಕದ ಮಗುವಿಗೆ ಇದು ವಿಶೇಷವಾಗಿ ಉಪಯುಕ್ತವಾಗಿದೆ.

ಹೊಕ್ಕುಳ ಬಳ್ಳಿಯು ಸಾಮಾನ್ಯವಾಗಿ ಒಂದರಿಂದ ಎರಡು ವಾರಗಳಲ್ಲಿ ತಾನಾಗಿಯೇ ಉದುರುತ್ತದೆ. ಅದನ್ನು ಸ್ವಚ್ಛವಾಗಿ ಮತ್ತು ಒಣಗಿದಂತೆ ಇಡಬೇಕು. ಅರಿಶಿನ, ಎಣ್ಣೆ, ಬೂದಿ ಮುಂತಾದವುಗಳನ್ನು ಲೇಪಿಸಬಾರದು.

ಎಣ್ಣೆ ಹಚ್ಚಿ ಮೃದುವಾಗಿ ನೀವುವುದು, ತಾಯಿಗೆ ಬಿಸಿಯಾದ ಪೌಷ್ಟಿಕ ಆಹಾರ ನೀಡುವುದು, ಮನೆಗೆಲಸದಿಂದ ಬಿಡುವು ನೀಡುವುದು ಮುಂತಾದ ಬಾಣಂತನದ ಪದ್ಧತಿಗಳು ಹಿತಕರವಾಗಿವೆ. ಆದರೆ ಕೆಲವು ಪದ್ಧತಿಗಳನ್ನು ಕೈಬಿಡುವುದು ಅವಶ್ಯ. ಮಗುವಿನ ಕಿವಿ, ಮೂಗು ಮತ್ತು ಹೊಕ್ಕುಳಿಗೆ ಎಣ್ಣೆ ಬಿಡುವುದರಿಂದ ಸೋಂಕು ತಗಲುವ ಸಂಭವವಿದೆ. ಕಾಡಿಗೆಯಲ್ಲಿ ಸೀಸದ ಅಂಶವಿರಬಹುದು. ಮುಚ್ಚಿದ ಕೋಣೆಯಲ್ಲಿ ಕೆಂಡ ಮತ್ತು ಸಾಂಬ್ರಾಣಿಯ ಹೊಗೆ ಹಾಕುವುದು ಮಗುವಿನ ಉಸಿರಾಟಕ್ಕೆ ಹಾನಿಕರ. ಬಾಣಂತಿಗೆ ನೀರು ಕಡಿಮೆ ಕೊಡುವುದು ಮತ್ತು ಸೊಪ್ಪು, ತರಕಾರಿ, ಹಣ್ಣುಗಳನ್ನು ನಿಷೇಧಿಸುವುದು ಆಕೆಯ ಚೇತರಿಕೆಗೆ ಅಡ್ಡಿಯಾಗುತ್ತದೆ. ಈ ವಿಷಯವನ್ನು ಹಿರಿಯರಿಗೆ ಹೇಳಲು ಹೊಸ ಪೋಷಕರು ಸಂಕೋಚಪಡುವುದುಂಟು. ಅಂತಹ ಸಂದರ್ಭದಲ್ಲಿ ಆಶಾ ಕಾರ್ಯಕರ್ತೆಯ ಭೇಟಿಯ ವೇಳೆ ಅಜ್ಜಿಯರೂ ಜೊತೆಯಲ್ಲಿರುವಂತೆ ನೋಡಿಕೊಂಡಲ್ಲಿ ಅವರ ಮೂಲಕವೇ ತಿಳಿಸಬಹುದಾಗಿದೆ.

5. ನಿದ್ರೆ ಮತ್ತು ಅಳು

ನವಜಾತ ಶಿಶುವು ದಿನದ ಬಹುಪಾಲು ನಿದ್ರಿಸುತ್ತದೆಯಾದರೂ ಒಂದೇ ಸಮನೆ ದೀರ್ಘಕಾಲ ಮಲಗುವುದಿಲ್ಲ. ಹಗಲು ರಾತ್ರಿಗಳ ವ್ಯತ್ಯಾಸ ಅದಕ್ಕೆ ಇನ್ನೂ ತಿಳಿದಿರುವುದಿಲ್ಲ. ಮಗುವನ್ನು ಅಂಗಾತವಾಗಿ, ಮೆತ್ತನೆಯ ದಿಂಬುಗಳಿಲ್ಲದ ಸಮತಟ್ಟಾದ ಹಾಸಿಗೆಯ ಮೇಲೆ ಮಲಗಿಸಬೇಕು. ಅಳುವು ಹಸಿವು, ಒದ್ದೆ ಬಟ್ಟೆ, ಸೆಕೆ, ಚಳಿ ಅಥವಾ ಎತ್ತಿಕೊಳ್ಳಬೇಕೆಂಬ ಬಯಕೆಯ ಸೂಚನೆಯಾಗಿರಬಹುದು. ಕೆಲವೊಮ್ಮೆ ಯಾವ ಕಾರಣವೂ ಕಂಡುಬರುವುದಿಲ್ಲ. ಸುಮಾರು 6ನೇ ವಾರದವರೆಗೆ ಅಳುವು ಹೆಚ್ಚುತ್ತಾ ಹೋಗಿ ನಂತರ ಕಡಿಮೆಯಾಗುವುದು ಸಾಮಾನ್ಯ. ಎಷ್ಟೇ ಬೇಸರವಾದರೂ ಮಗುವನ್ನು ಹಿಡಿದು ಕುಲುಕಬಾರದು. ಇದರಿಂದ ಮಿದುಳಿಗೆ ಗಾಯವಾಗುವ ಅಪಾಯವಿದೆ. ಸಹನೆ ಮೀರಿದಾಗ ಮಗುವನ್ನು ಮನೆಯ ಮತ್ತೊಬ್ಬರಿಗೆ ಒಪ್ಪಿಸಿ ಸ್ವಲ್ಪ ಹೊತ್ತು ವಿಶ್ರಮಿಸುವುದು ತಪ್ಪಲ್ಲ.

6. ಮಗುವಿನಲ್ಲಿ ಅಪಾಯದ ಚಿಹ್ನೆಗಳು

ಈ ಪುಟದಲ್ಲಿನ ಅತಿ ಮುಖ್ಯವಾದ ಮಾಹಿತಿ ಇದಾಗಿದೆ. ಅಳುವ ಮಗುವಿನ ಕಡೆಗೆ ಎಲ್ಲರೂ ಗಮನ ಹರಿಸುತ್ತಾರೆ. ಹಾಲಿಗೆ ಏಳದೇ ಸುಮ್ಮನೆ ಮಲಗಿರುವ ಮಗುವನ್ನು ಮಾತ್ರ "ತೊಂದರೆ ಕೊಡದ ಮಗು" ಎಂದು ಭಾವಿಸುವುದುಂಟು. ಸೋಂಕು ತಗಲಿದ ನವಜಾತ ಶಿಶುವಿಗೆ ಜ್ವರವೇ ಬರದಿರಬಹುದು. ಹಾಲು ಬಿಟ್ಟು ಮಂಕಾಗುವುದೇ ಮೊದಲ ಚಿಹ್ನೆಯಾಗಿರಬಹುದು. ಕಾಯಿಲೆಯು ಕೆಲವೇ ಗಂಟೆಗಳಲ್ಲಿ ಉಲ್ಬಣಿಸಬಹುದಾದ್ದರಿಂದ ಬೆಳಗಾಗಲೆಂದು ಕಾಯಬಾರದು. ಈ ಕೆಳಕಂಡ ಚಿಹ್ನೆಗಳಲ್ಲಿ ಯಾವುದೇ ಒಂದು ಕಂಡುಬಂದರೂ ಮಗುವನ್ನು ತಕ್ಷಣವೇ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.

ಅ) ಹಾಲು ಕುಡಿಯದಿರುವುದು ಅಥವಾ ಚೀಪುವ ಶಕ್ತಿ ಕುಂದುವುದು
ಆ) ಎಬ್ಬಿಸಿದರೂ ಏಳದಿರುವುದು, ಕೈಕಾಲು ಆಡಿಸದಿರುವುದು
ಇ) ನಿಮಿಷಕ್ಕೆ 60 ಅಥವಾ ಹೆಚ್ಚು ಬಾರಿ ಉಸಿರಾಡುವುದು, ಉಸಿರೆಳೆದಾಗ ಎದೆಯ ಕೆಳಭಾಗ ಒಳಕ್ಕೆ ಸೆಳೆಯುವುದು
ಈ) ಮೈಯ ತಾಪ 37.5 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚಿರುವುದು, ಅಥವಾ 35.5 ಡಿಗ್ರಿಗಿಂತ ಕಡಿಮೆಯಿರುವುದು
ಉ) ಸೆಳವು ಅಥವಾ ಫಿಟ್ಸ್ ಬರುವುದು
ಊ) ಮೊದಲ 24 ಗಂಟೆಗಳಲ್ಲಿಯೇ ಕಾಮಾಲೆ ಕಾಣಿಸುವುದು, ಅಥವಾ ಯಾವಾಗಲಾದರೂ ಅಂಗೈ ಅಂಗಾಲುಗಳು ಹಳದಿಯಾಗುವುದು
ಎ) ಹೊಕ್ಕುಳಿನ ಸುತ್ತ ಕೆಂಪಾಗುವುದು ಅಥವಾ ಕೀವು ಸೋರುವುದು

ಮಗುವಿನ ಮುಖದಲ್ಲಿ ಎರಡನೇ ಅಥವಾ ಮೂರನೇ ದಿನ ಕಾಣುವ ತೆಳು ಹಳದಿ ಬಣ್ಣವು ಬಹುತೇಕ ತಾನಾಗಿಯೇ ಹೋಗುತ್ತದೆ. ಆದರೆ ತೀವ್ರ ಕಾಮಾಲೆಗೆ ಬಿಸಿಲಿಗೆ ಹಿಡಿಯುವುದು ಚಿಕಿತ್ಸೆಯಲ್ಲ. ಅಂತಹ ಮಗುವಿಗೆ ಆಸ್ಪತ್ರೆಯಲ್ಲಿ ಬೆಳಕಿನ ಚಿಕಿತ್ಸೆ ಬೇಕಾಗುತ್ತದೆ. ತುರ್ತು ವಾಹನಕ್ಕಾಗಿ 108ಕ್ಕೆ ಉಚಿತವಾಗಿ ಕರೆ ಮಾಡಬಹುದು. ದಾರಿಯುದ್ದಕ್ಕೂ ಮಗುವನ್ನು ತಾಯಿಯ ಎದೆಗೆ ತಾಗಿಸಿ ಬೆಚ್ಚಗಿಡಬೇಕು.

7. ತಾಯಿಯ ಆರೋಗ್ಯ

ಅಧಿಕ ರಕ್ತಸ್ರಾವ, ಜ್ವರ, ದುರ್ವಾಸನೆಯ ಸ್ರಾವ, ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಫಿಟ್ಸ್, ಉಸಿರಾಟದ ತೊಂದರೆ ಅಥವಾ ಕಾಲಿನ ಒಂದು ಭಾಗದಲ್ಲಿ ನೋವು ಮತ್ತು ಊತ ಕಂಡುಬಂದಲ್ಲಿ ತಾಯಿಯನ್ನು ವಿಳಂಬವಿಲ್ಲದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಹೆರಿಗೆಯಾದ ಮೊದಲ ದಿನಗಳಲ್ಲಿ ಕಾರಣವಿಲ್ಲದೆ ಅಳು ಬರುವುದು, ಮನಸ್ಸು ಭಾರವಾಗುವುದು ಅನೇಕ ತಾಯಂದಿರಲ್ಲಿ ಕಂಡುಬರುತ್ತದೆ. ಎರಡು ವಾರಗಳು ಕಳೆದರೂ ಇದು ಮುಂದುವರಿದಲ್ಲಿ, ಮಗುವಿನ ಮೇಲೆ ಆಸಕ್ತಿ ಉಂಟಾಗದಿದ್ದಲ್ಲಿ ಅಥವಾ ತನಗಾಗಲೀ ಮಗುವಿಗಾಗಲೀ ಹಾನಿ ಮಾಡಿಕೊಳ್ಳುವ ಆಲೋಚನೆ ಬಂದಲ್ಲಿ ಅದು ಚಿಕಿತ್ಸೆಯಿಂದ ಗುಣವಾಗುವ ಕಾಯಿಲೆಯೆಂದು ತಿಳಿಯಬೇಕು. ಹಾನಿಯ ಆಲೋಚನೆ ಬಂದಲ್ಲಿ ಒಂದು ದಿನವೂ ತಡಮಾಡದೆ ವೈದ್ಯರನ್ನು ಕಾಣಬೇಕು. ಇದು ತಾಯಿಯ ದೋಷವಲ್ಲ, ದೃಷ್ಟಿಯ ಫಲವೂ ಅಲ್ಲ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಸಲಹೆ ಪಡೆಯಬಹುದು.

ತಂದೆಯು ಬೇರೆ ಊರಿನಲ್ಲಿ ಉದ್ಯೋಗದಲ್ಲಿದ್ದರೂ ದಿನವೂ ದೂರವಾಣಿಯಲ್ಲಿ ವಿಚಾರಿಸುವುದು, ಬಂದಾಗ ಮಗುವಿನ ಬಟ್ಟೆ ಬದಲಾಯಿಸುವುದು, ರಾತ್ರಿ ಹಾಲು ಕುಡಿದ ಮಗುವನ್ನು ಹೆಗಲಿಗೆ ಹಾಕಿಕೊಂಡು ತೇಗಿಸುವುದು, ದಾಖಲೆಗಳ ಹೊಣೆ ಹೊರುವುದು ತಾಯಿಗೆ ನಿಜವಾದ ವಿಶ್ರಾಂತಿ ನೀಡುತ್ತದೆ.

8. ಜನನ ನೋಂದಣಿ

ಜನನ ಮರಣ ನೋಂದಣಿ ಅಧಿನಿಯಮ, 1969ರ ಪ್ರಕಾರ ಪ್ರತಿಯೊಂದು ಜನನವನ್ನೂ 21 ದಿನಗಳೊಳಗೆ ನೋಂದಾಯಿಸುವುದು ಕಡ್ಡಾಯವಾಗಿದೆ. ನೋಂದಣಿಯು ಜನನವಾದ ಸ್ಥಳದಲ್ಲಿ ಆಗತಕ್ಕದ್ದೇ ಹೊರತು ಪೋಷಕರ ಖಾಯಂ ವಾಸಸ್ಥಳದಲ್ಲಿ ಅಲ್ಲ. ಆಸ್ಪತ್ರೆಯಲ್ಲಿ ಜನಿಸಿದಲ್ಲಿ ಆಸ್ಪತ್ರೆಯ ಅಧಿಕಾರಿಯೂ, ಮನೆಯಲ್ಲಿ ಜನಿಸಿದಲ್ಲಿ ಕುಟುಂಬದ ಯಜಮಾನರೂ ವರದಿ ಮಾಡಬೇಕು. ಈ ಅವಧಿಯಲ್ಲಿ ನೋಂದಾಯಿಸಿದಲ್ಲಿ ಶುಲ್ಕವಿರುವುದಿಲ್ಲ.

21 ದಿನಗಳ ನಂತರ 30 ದಿನಗಳವರೆಗೆ ವಿಳಂಬ ಶುಲ್ಕವಿರುತ್ತದೆ. 30 ದಿನಗಳಿಂದ ಒಂದು ವರ್ಷದವರೆಗೆ ನಿಗದಿತ ಅಧಿಕಾರಿಯ ಲಿಖಿತ ಅನುಮತಿ ಬೇಕು. ಒಂದು ವರ್ಷ ಮೀರಿದಲ್ಲಿ ದಂಡಾಧಿಕಾರಿಯ ಆದೇಶ ಅವಶ್ಯ. ನಾಮಕರಣವಾಗಿಲ್ಲವೆಂಬ ಕಾರಣಕ್ಕೆ ನೋಂದಣಿಯನ್ನು ಮುಂದೂಡಬಾರದು. ಹೆಸರಿಲ್ಲದೆಯೇ ನೋಂದಾಯಿಸಿ, 12 ತಿಂಗಳೊಳಗೆ ಉಚಿತವಾಗಿ ಹೆಸರನ್ನು ಸೇರಿಸಬಹುದಾಗಿದೆ.

2023ರ ತಿದ್ದುಪಡಿಯನ್ವಯ, 1ನೇ ಅಕ್ಟೋಬರ್ 2023ರಂದು ಅಥವಾ ತದನಂತರ ಜನಿಸಿದವರ ಶಾಲಾ ಪ್ರವೇಶ, ಪಾಸ್‌ಪೋರ್ಟ್, ಚಾಲನಾ ಪರವಾನಗಿ, ಮತದಾರರ ಪಟ್ಟಿ ಮುಂತಾದವುಗಳಿಗೆ ಜನ್ಮ ದಿನಾಂಕ ಮತ್ತು ಜನ್ಮಸ್ಥಳದ ಪುರಾವೆಯಾಗಿ ಜನನ ಪ್ರಮಾಣ ಪತ್ರವು ಬೇಕಾಗುತ್ತದೆ.

9. ಲಸಿಕೆ ಮತ್ತು ಸೌಲಭ್ಯಗಳು

42ನೇ ದಿನದ ಭೇಟಿಯ ವೇಳೆಗೆ 6ನೇ ವಾರದ ಲಸಿಕೆಗಳ ಸಮಯ ಬಂದಿರುತ್ತದೆ. ನಂತರದ ಸರದಿಗಳು 10 ಮತ್ತು 14ನೇ ವಾರಗಳಲ್ಲಿರುತ್ತವೆ. ತಾಯಿ ಕಾರ್ಡನ್ನು ತೋರಿಸಿ ಯಾವುದೇ ಊರಿನ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಇವುಗಳನ್ನು ಉಚಿತವಾಗಿ ಪಡೆಯಬಹುದು.

ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯ ಜೊತೆಗೆ, ಅಸ್ವಸ್ಥ ಶಿಶುವಿಗೆ ಒಂದು ವರ್ಷದವರೆಗೆ ಚಿಕಿತ್ಸೆ, ಔಷಧಿ ಮತ್ತು ಸಾರಿಗೆ ಉಚಿತವಾಗಿರುತ್ತದೆ. ಪ್ರಧಾನ ಮಂತ್ರಿ ಮಾತೃ ವಂದನಾ ಯೋಜನೆಯಡಿ ಅರ್ಹ ತಾಯಂದಿರಿಗೆ ಮೊದಲ ಮಗುವಿಗಾಗಿ ರೂ. 3,000 ಮತ್ತು ರೂ. 2,000ಗಳ ಎರಡು ಕಂತುಗಳಲ್ಲಿ ಒಟ್ಟು ರೂ. 5,000 ಬ್ಯಾಂಕ್ ಅಥವಾ ಅಂಚೆ ಖಾತೆಗೆ ಜಮೆಯಾಗುತ್ತದೆ. ಜನನ ನೋಂದಣಿ ಮತ್ತು 14ನೇ ವಾರದವರೆಗಿನ ಲಸಿಕೆಗಳು ಪೂರ್ಣಗೊಂಡ ನಂತರವೇ ಎರಡನೇ ಕಂತು ದೊರೆಯುತ್ತದೆ. ಇದಕ್ಕಾಗಿ ಅಂಗನವಾಡಿ ಕಾರ್ಯಕರ್ತೆಯನ್ನು ಸಂಪರ್ಕಿಸಬಹುದು.

ಕೊನೆಯದಾಗಿ, ತಾಯಿ ಕಾರ್ಡು, ಆಶಾ ಕಾರ್ಯಕರ್ತೆಯ ದೂರವಾಣಿ ಸಂಖ್ಯೆ, ಸಮೀಪದ ಆಸ್ಪತ್ರೆಯ ವಿವರ ಹಾಗೂ ಮೇಲ್ಕಂಡ ಅಪಾಯದ ಚಿಹ್ನೆಗಳ ಪಟ್ಟಿಯನ್ನು ಮನೆಯ ಎಲ್ಲರ ಕಣ್ಣಿಗೆ ಬೀಳುವ ಸ್ಥಳದಲ್ಲಿ ಇರಿಸತಕ್ಕದ್ದು. ಅನುಮಾನ ಬಂದಾಗ ವೈದ್ಯರಿಗೆ ತೋರಿಸಿ, ಏನೂ ತೊಂದರೆಯಿಲ್ಲವೆಂದು ತಿಳಿದು ಮರಳುವುದರಿಂದ ಯಾವ ನಷ್ಟವೂ ಇಲ್ಲ. ಹೆಚ್ಚಿನ ಮಾಹಿತಿಗಾಗಿ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳನ್ನು ಸಂಪರ್ಕಿಸಬಹುದಾಗಿದೆ.