ಫಿಟ್ಸ್ ನಿಲ್ಲಿಸುವುದು ಕೀಗೊಂಚಲಲ್ಲ

ಬಸ್ ನಿಲ್ದಾಣದಲ್ಲೋ ಮದುವೆ ಛತ್ರದಲ್ಲೋ ಯಾರಿಗಾದರೂ ಫಿಟ್ಸ್ ಬಂದರೆ, ಸುತ್ತ ನೆರೆದವರಲ್ಲಿ ಒಬ್ಬರಾದರೂ ‘ಕೀ ಕೊಡ್ರಿ, ಕೀ ಕೊಡ್ರಿ’ ಎಂದು ಕೂಗುತ್ತಾರೆ. ಯಾರದೋ ಬೈಕಿನ ಕೀಗೊಂಚಲು ಬಿಗಿದ ಮುಷ್ಟಿಯೊಳಗೆ ತೂರುತ್ತದೆ. ಸ್ವಲ್ಪ ಹೊತ್ತಿಗೆ ಸೆಳೆತ ನಿಲ್ಲುತ್ತದೆ. ಕಬ್ಬಿಣದ ಮಹಿಮೆಗೆ ಇನ್ನೇನು ಸಾಕ್ಷಿ ಬೇಕು!

ಮೆದುಳಿನ ನರಕೋಶಗಳು ಸಣ್ಣ ವಿದ್ಯುತ್ ಸಂಕೇತಗಳಲ್ಲಿ ವ್ಯವಹರಿಸುತ್ತವೆ. ಅಸಂಖ್ಯ ಕೋಶಗಳು ಲಯ ತಪ್ಪಿ ಒಟ್ಟಿಗೇ ಸಂಕೇತ ಹೊರಡಿಸಿದಾಗ ಫಿಟ್ಸ್ ಬರುತ್ತದೆ. ಅಂಗೈಯಲ್ಲಿರುವ ಕಬ್ಬಿಣಕ್ಕೂ ಅದಕ್ಕೂ ಸಂಬಂಧವಿಲ್ಲ. ಹೆಚ್ಚಿನ ಫಿಟ್ಸ್ ಒಂದರಿಂದ ಮೂರು ನಿಮಿಷದೊಳಗೆ ತಾನಾಗಿಯೇ ನಿಲ್ಲುತ್ತದೆ. ಕೀ ಹುಡುಕಿ, ಮುಷ್ಟಿ ಬಿಡಿಸುವಷ್ಟರಲ್ಲಿ ಆ ಹೊತ್ತು ಆಗಿಹೋಗಿರುತ್ತದೆ. ಮೂಲಂಗಿ ಕೊಟ್ಟಿದ್ದರೂ ನಿಲ್ಲುತ್ತಿತ್ತು. ಈರುಳ್ಳಿ, ಚಪ್ಪಲಿ ಮೂಸಿಸುವವರ ಯಶಸ್ಸಿನ ಗುಟ್ಟೂ ಇದೇ.

ನಾಲಿಗೆ ನುಂಗಿಬಿಡುತ್ತಾರೆಂದು ಬಾಯಿಗೆ ಚಮಚ ತುರುಕುವುದು ಇನ್ನೂ ಅಪಾಯ. ನಾಲಿಗೆಯನ್ನು ಯಾರೂ ನುಂಗಲಾರರು. ಮುರಿಯುವುದು ರೋಗಿಯ ಹಲ್ಲು, ಕಚ್ಚಿಸಿಕೊಳ್ಳುವುದು ನೆರವಿಗೆ ಹೋದವರ ಬೆರಳು. ನೀರು ಕುಡಿಸಿದರೆ ಶ್ವಾಸಕೋಶಕ್ಕೆ ಇಳಿಯಬಹುದು. ತಲೆಯಡಿ ಮೆತ್ತನೆಯದೇನಾದರೂ ಇಟ್ಟು, ಕೊರಳ ಬಳಿಯ ಬಟ್ಟೆ ಸಡಿಲಿಸಿ, ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಗಡಿಯಾರ ನೋಡಿ: ಐದು ನಿಮಿಷ ಮೀರಿದರೆ, ಅಥವಾ ಎಚ್ಚರವಾಗುವ ಮೊದಲೇ ಮತ್ತೆ ಬಂದರೆ 108ಕ್ಕೆ ಕರೆ ಮಾಡಿ.

ದೇವರ ಕಾಟ, ದೆವ್ವದ ಚೇಷ್ಟೆ ಎಂಬ ನಂಬಿಕೆ ನಮ್ಮದೊಂದೇ ಅಲ್ಲ. ಗ್ರೀಕರೂ ಇದನ್ನು ‘ಪವಿತ್ರ ರೋಗ’ ಎನ್ನುತ್ತಿದ್ದರು. ಸುಮಾರು 2,400 ವರ್ಷಗಳ ಹಿಂದೆಯೇ ಹಿಪಾಕ್ರಟೀಸ್ ಪರಂಪರೆಯ ವೈದ್ಯರು ಅದನ್ನು ಅಲ್ಲಗಳೆದು ಮೆದುಳಿನತ್ತ ಬೆರಳು ತೋರಿದ್ದರು. ತಲೆಗೆ ಪೆಟ್ಟು, ಹೆರಿಗೆ ವೇಳೆ ಆಮ್ಲಜನಕದ ಕೊರತೆ, ಪಾರ್ಶ್ವವಾಯು ಹೀಗೆ ಕಾರಣಗಳು ಹಲವು. ಹಂದಿಯಲ್ಲಿ ಕಾಣುವ ಲಾಡಿಹುಳುವಿನ ಮೊಟ್ಟೆಯೂ ಒಂದು. ‘ನಾವು ಹಂದಿಮಾಂಸ ತಿನ್ನುವುದಿಲ್ಲ, ನಮಗೆ ಹೇಗೆ ಬರುತ್ತದೆ?’ ಎಂದು ಸಸ್ಯಾಹಾರಿಗಳು ಕೇಳುವುದುಂಟು. ಮಲದ ಸೋಂಕಿರುವ ಮಣ್ಣಿನಿಂದ, ಸರಿಯಾಗಿ ತೊಳೆಯದ ಹಸಿ ತರಕಾರಿಯ ಮೂಲಕ ಮೊಟ್ಟೆ ಹೊಟ್ಟೆ ಸೇರುತ್ತದೆ. ಮರಿಗಳು ರಕ್ತದೊಂದಿಗೆ ಮೆದುಳು ತಲುಪುತ್ತವೆ.

ದಕ್ಷಿಣ ಕರ್ನಾಟಕದಲ್ಲಿ ವಿಶೇಷವಾಗಿ ಕಾಣುವ ಇನ್ನೊಂದು ಬಗೆಯಿದೆ. ತಲೆಯ ಮೇಲೆ ಚೊಂಬಿನಿಂದ ಬಿಸಿನೀರು ಸುರಿದುಕೊಳ್ಳುವಾಗಲೇ ಕೆಲವರಿಗೆ ಫಿಟ್ಸ್ ಬರುತ್ತದೆ. ಇದು ಬಚ್ಚಲುಮನೆಯ ದೆವ್ವವಲ್ಲ, ‘ಬಿಸಿನೀರಿನ ಅಪಸ್ಮಾರ’ ಎಂದು ವೈದ್ಯರು ಗುರುತಿಸಿರುವ ಕಾಯಿಲೆ. ನೀರಿನ ಬಿಸಿ ತಗ್ಗಿಸಿದರೆ ಎಷ್ಟೋ ಜನರಿಗೆ ಅರ್ಧ ತೊಂದರೆ ಕಳೆಯುತ್ತದೆ.

ಮದುವೆಯ ಮಾತು ಬಂದಾಗ ಮಾತ್ರ ಕಾಯಿಲೆ ಗುಟ್ಟಾಗುತ್ತದೆ. ಪದೇ ಪದೇ ಅಪಸ್ಮಾರ ಕಾಣಿಸಿಕೊಳ್ಳುವವರು ಮದುವೆಗೆ ಅನರ್ಹರೆಂಬ ಮಾತು ಹಿಂದೂ ವಿವಾಹ ಕಾಯ್ದೆಯಲ್ಲೂ ಇತ್ತು. 1999ರ ತಿದ್ದುಪಡಿ ಅದನ್ನು ಕಿತ್ತುಹಾಕಿತು. ಕಾಯಿಲೆ ಮುಚ್ಚಿಟ್ಟು ಮದುವೆಯಾದವರಲ್ಲಿ ಅನೇಕರು ಮಾತ್ರೆಯನ್ನೂ ಕದ್ದು ನುಂಗಬೇಕು, ಇಲ್ಲವೇ ಬಿಡಬೇಕು. ಬಿಟ್ಟಾಗ ಫಿಟ್ಸ್ ಮರಳುತ್ತದೆ, ಕೆಲವೊಮ್ಮೆ ಮೊದಲಿಗಿಂತ ಜೋರಾಗಿ.

ಸರಿಯಾದ ಔಷಧಿಯಿಂದ ನೂರರಲ್ಲಿ 70ರಷ್ಟು ಜನ ಫಿಟ್ಸ್ ಇಲ್ಲದೆ ಬಾಳಬಲ್ಲರು. ಸಾಮಾನ್ಯವಾಗಿ ಕನಿಷ್ಠ ಎರಡು ವರ್ಷ ಹಾಗೆ ಕಳೆದ ಮೇಲಷ್ಟೇ ವೈದ್ಯರು ಮಾತ್ರೆ ಇಳಿಸುವ ಯೋಚನೆ ಮಾಡುತ್ತಾರೆ, ಅದೂ ನಿಧಾನವಾಗಿ. ಅಲ್ಲಿಯವರೆಗೆ ಒಂದು ಹೊತ್ತಿನ ಮಾತ್ರೆಯನ್ನೂ ತಪ್ಪಿಸಬೇಡಿ.