ಹನ್ನೆರಡು ತಂತಿಗಳ ಭಾರ

ಹಳೆಯ ಹನ್ನೆರಡು ತಂತಿಯ ಗಿಟಾರು ಕೊಳ್ಳಲು ಹೋದವರು ಅದನ್ನು ಎದುರಿನಿಂದ ನೋಡಿ ಮರುಳಾಗಬಾರದು, ಬದಿಯಿಂದ ನೋಡಬೇಕು. ಎದುರಿನಿಂದ ಎಲ್ಲವೂ ಚಂದ. ವರ್ಷಗಟ್ಟಲೆ ಬೆಳಕು ಬಿದ್ದು ಜೇನುಬಣ್ಣಕ್ಕೆ ತಿರುಗಿದ ಸ್ಪ್ರೂಸ್ ಹಲಗೆ, ಹೊಳಪು ಮಾಸಿದ ಬಿರಡೆಗಳ ಎರಡು ಸಾಲು, ಯಾರದೋ ಬೆರಳು ಉಜ್ಜಿ ಉಜ್ಜಿ ವಾರ್ನಿಷ್ ಸವೆದ ಜಾಗ. ಅದನ್ನೇ ಕಣ್ಣಿನ ಮಟ್ಟಕ್ಕೆ ಅಡ್ಡಲಾಗಿ ಎತ್ತಿ, ಒಂದು ಕಣ್ಣು ಮುಚ್ಚಿ ನೋಡಿದರೆ ಬೇರೆಯೇ ಗಿಟಾರು ಕಾಣುತ್ತದೆ. ಕುದುರೆಯ ಹಿಂದೆ ಹಲಗೆ ಹೊಟ್ಟೆ ಬಿಟ್ಟಿದೆ. ಕುದುರೆಗೂ ನಾದರಂಧ್ರಕ್ಕೂ ನಡುವೆ ತಗ್ಗು ಬಿದ್ದಿದೆ. ಕತ್ತು ಮುಂದಕ್ಕೆ ವಾಲಿದೆ. ತಂತಿಗಳು ಮೆಟ್ಟಿಲುಗಳಿಂದ ಎಷ್ಟು ಮೇಲೆ ನಿಂತಿವೆಯೆಂದರೆ ಒತ್ತಿ ಹಿಡಿದ ಬೆರಳಿಗೆ ಗೆರೆ ಬೀಳುತ್ತದೆ.

ಇದೆಲ್ಲ ತಂತಿಗಳ ಎಳೆತದ ಕೆಲಸ. ಆರು ತಂತಿಯ ಗಿಟಾರಿಗೆ ಸಾಧಾರಣ ದಪ್ಪದ ತಂತಿ ಕಟ್ಟಿ ಶ್ರುತಿ ಮಾಡಿದರೆ ಅವೆಲ್ಲ ಸೇರಿ ಎಪ್ಪತ್ತು ಕಿಲೋಗೂ ಹೆಚ್ಚು ಬಲದಿಂದ ಎಳೆಯುತ್ತವೆ. ಹನ್ನೆರಡು ತಂತಿಯದಕ್ಕೆ ತೆಳು ತಂತಿಗಳನ್ನೇ ಹಾಕಿದರೂ ಆ ಎಳೆತ ನೂರು ಕಿಲೋ ದಾಟುತ್ತದೆ. ನುಡಿಸುವಾಗ ಮಾತ್ರವಲ್ಲ, ಪೆಟ್ಟಿಗೆಯಲ್ಲಿ ಮುಚ್ಚಿಟ್ಟಾಗಲೂ, ಮನೆಯವರು ಅದನ್ನು ಮರೆತು ಅಟ್ಟಕ್ಕೆ ಸೇರಿಸಿದಾಗಲೂ ಅದೇ ಎಳೆತ. ಅದನ್ನು ತಡೆಯುವುದು ಮೂರು ಮಿಲಿಮೀಟರಿನ ಆಸುಪಾಸು ದಪ್ಪದ ಹಲಗೆ, ಅದರ ಒಳಗೆ ಅಂಟಿಸಿದ ಕೆಲವು ಪಟ್ಟಿಗಳು ಮತ್ತು ಕತ್ತಿನ ಬುಡದ ಒಂದು ಕೀಲು.

ಇಷ್ಟು ಭಾರ ಹೊತ್ತು ಅದು ಕೊಡುವ ನಾದವನ್ನು ಒಮ್ಮೆ ಹತ್ತಿರದಿಂದ ಕೇಳಬೇಕು. ಹನ್ನೆರಡು ತಂತಿಗಳು ಆರು ಜೋಡಿಗಳಾಗಿರುತ್ತವೆ. ಮಂದ್ರದ ಕಡೆಯ ನಾಲ್ಕು ಜೋಡಿಗಳಲ್ಲಿ ದಪ್ಪ ತಂತಿಯ ಪಕ್ಕ ಒಂದು ಸ್ಥಾಯಿ ಮೇಲಿನ ತೆಳು ತಂತಿ. ಉಳಿದ ಎರಡರಲ್ಲಿ ಎರಡೂ ಒಂದೇ ಸ್ವರ. ಕೈ ಕೆಳಗಿಳಿಯುವಾಗ ಸಾಮಾನ್ಯವಾಗಿ ಮೇಲಿನ ಸ್ಥಾಯಿಯ ತಂತಿಗೇ ಮೊದಲು ತಾಗುವುದರಿಂದ ಮಿಂಚು ಮೊದಲು, ಗುಡುಗು ಆಮೇಲೆ. ಜೋಡಿ ತಂತಿಗಳನ್ನು ಎಷ್ಟೇ ಜತನದಿಂದ ಶ್ರುತಿ ಮಾಡಿದರೂ ಕೂದಲೆಳೆಯ ಅಂತರ ಉಳಿದೇ ಉಳಿಯುತ್ತದೆ. ಆ ಅಂತರದಿಂದಲೇ ನಾದ ನಿಂತಲ್ಲಿ ನಿಲ್ಲದೆ ಅಲೆಯಾಡುತ್ತದೆ. ತಂಬೂರದ ಹಿಂದೆ ಕುಳಿತು ಬೆಳೆದ ಕಿವಿಗೆ ಈ ಅಲೆಯಾಟ ಹೊಸದಲ್ಲ. ನಾನು ಇದಕ್ಕೆ ಸೋತದ್ದೂ ಅದರಿಂದಲೇ.

ನನ್ನದು ಸಿಕ್ಕಿದ್ದು ಇಲಿನಾಯ್ ರಾಜ್ಯದಲ್ಲಿ, ಷಿಕಾಗೊದಿಂದ ಪಶ್ಚಿಮಕ್ಕೆ ಫಾಕ್ಸ್ ನದಿಯ ದಂಡೆಯ ಹಳೆಯ ಬಡಾವಣೆಯೊಂದರಲ್ಲಿ. ಅಲ್ಲಿ ಎಸ್ಟೇಟ್ ಸೇಲ್ ಎಂಬುದೊಂದಿದೆ. ಮನೆಯ ಹಿರಿಯರು ತೀರಿಕೊಂಡ ಮೇಲೆ ಮಕ್ಕಳು ಮನೆಯೊಳಗಿನ ಒಂದೊಂದು ವಸ್ತುವಿಗೂ ಬೆಲೆಯ ಚೀಟಿ ಅಂಟಿಸಿ ಬಾಗಿಲು ತೆರೆದಿಡುತ್ತಾರೆ. ಗುರುತಿಲ್ಲದವರು ಅಡುಗೆಮನೆಗೂ ಮಲಗುವ ಕೋಣೆಗೂ ನುಗ್ಗಿ ಚಮಚ, ದಿಂಬಿನ ಚೀಲ, ಹೊಲಿಗೆ ಯಂತ್ರ ಎತ್ತಿಕೊಂಡು ಹೋಗುತ್ತಾರೆ. ಮೊದಮೊದಲು ನನಗೆ ಇಂಥ ಮನೆಗಳ ಹೊಸ್ತಿಲು ದಾಟಲು ಕಾಲೇ ಬರುತ್ತಿರಲಿಲ್ಲ. ಅವತ್ತು ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರದ ಪಕ್ಕ, ರಟ್ಟಿನ ಪೆಟ್ಟಿಗೆಯೊಳಗೆ ಅದು ಮಲಗಿತ್ತು. ಚೀಟಿಯಲ್ಲಿ 150 ಡಾಲರ್. ಪೆಟ್ಟಿಗೆಯ ಚಿಕ್ಕ ಅರೆಯಲ್ಲಿ ಒಂದು ಪಿಕ್ಕು, ತುಕ್ಕು ಹಿಡಿದ ತಂತಿಯ ಸುರುಳಿ, ಪೆನ್ಸಿಲಿನಲ್ಲಿ ಕಾರ್ಡುಗಳನ್ನು ಗುರುತಿಸಿದ ಒಂದು ಹಾಳೆ. "ಅಪ್ಪ ಕಾಲೇಜಿನಲ್ಲಿದ್ದಾಗ ನುಡಿಸುತ್ತಿದ್ದರಂತೆ, ನಾವು ಕೇಳಿಯೇ ಇಲ್ಲ" ಎಂದರು ಮಗಳು. ಹಾಳೆಯನ್ನು ಅವರಿಗೇ ಕೊಟ್ಟು ಗಿಟಾರು ತಂದೆ.

ತಲೆಯ ಮೇಲೆ ಹಾರ್ಮನಿ ಎಂಬ ಹೆಸರು. ಜರ್ಮನಿಯಿಂದ ವಲಸೆ ಬಂದ ವಿಲ್ಹೆಲ್ಮ್ ಷುಲ್ಟ್ಸ್ 1892ರಲ್ಲಿ ಷಿಕಾಗೊದಲ್ಲಿ ಶುರುಮಾಡಿದ ಕಂಪನಿ ಅದು. 1916ರಲ್ಲಿ ಅದನ್ನು ಸಿಯರ್ಸ್ ಕೊಂಡಿತು. ಅಂಚೆಯಲ್ಲಿ ಕ್ಯಾಟಲಾಗು ಕಳಿಸಿ ಸೂಜಿಯಿಂದ ಹಿಡಿದು ಇಡೀ ಮನೆಯವರೆಗೆ ಮಾರುತ್ತಿದ್ದ ಸಿಯರ್ಸ್ ಮೂಲಕ ಹೊಲಗದ್ದೆಗಳ ನಡುವಿನ ಒಂಟಿಮನೆಗಳಿಗೂ ಗಿಟಾರು ತಲುಪಿತು. ಆಮೇಲೆ ಕಂಪನಿ ಕೈ ಬದಲಾಯಿಸಿದರೂ ಜನಸಾಮಾನ್ಯರ ಗಿಟಾರು ಎಂಬ ಹೆಸರು ಉಳಿಯಿತು. ಲೆಡ್ ಝೆಪೆಲಿನ್ ತಂಡದ ಜಿಮ್ಮಿ ಪೇಜ್ ನುಡಿಸಿದ ಅಕೌಸ್ಟಿಕ್ ಗಿಟಾರುಗಳಲ್ಲೂ ಇದೇ ಕಾರ್ಖಾನೆಯ ಆರು ತಂತಿಯದೊಂದು ಇತ್ತು. ಹನ್ನೆರಡು ತಂತಿಯ ಹುಚ್ಚು ಹಬ್ಬಿದ್ದು ಅರವತ್ತರ ದಶಕದಲ್ಲಿ. ಅದಕ್ಕೂ ಮೊದಲು ಆ ವಾದ್ಯದ ದೊರೆ ಲೆಡ್ ಬೆಲಿ. 1933ರಲ್ಲಿ ಜನಪದ ಹಾಡುಗಳ ಸಂಗ್ರಾಹಕ ಜಾನ್ ಲೋಮ್ಯಾಕ್ಸ್ ಲೂಯಿಸಿಯಾನದ ಅಂಗೋಲ ಸೆರೆಮನೆಗೆ ಹೋಗಿ ಧ್ವನಿಮುದ್ರಿಸಿಕೊಂಡ ಕಪ್ಪು ಗಾಯಕ. ಅವನ ಸ್ಟೆಲ್ಲಾ ಗಿಟಾರಿನ ಶ್ರುತಿ ಇಂದಿನ ವಾಡಿಕೆಗಿಂತ ಬಹಳ ಕೆಳಗಿತ್ತು. 1963ರಲ್ಲಿ ರೂಫ್‌ಟಾಪ್ ಸಿಂಗರ್ಸ್ ತಂಡ ಹನ್ನೆರಡು ತಂತಿಯ ಗಿಟಾರುಗಳನ್ನಿಟ್ಟುಕೊಂಡು ಹಾಡಿದ 'ವಾಕ್ ರೈಟ್ ಇನ್' ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ ಮೇಲೆ ಕಾಲೇಜು ಹುಡುಗರಿಗೆಲ್ಲ ಅದೇ ಬೇಕಾಯಿತು. ಹಾರ್ಮನಿಯವರು ಅಪ್ಪಟ ಮಹಾಗನಿಯ ಬೆನ್ನು, ಅಪ್ಪಟ ಸ್ಪ್ರೂಸಿನ ಮುಂಬದಿ ಇಟ್ಟು ಹುಡುಗರ ಕೈಗೆಟಕುವ ಬೆಲೆಗೆ ಕೊಟ್ಟರು. ಇವತ್ತು ಅಂಥ ಬೆಲೆಗೆ ಸಿಗುವ ಗಿಟಾರುಗಳಲ್ಲಿ ಬಹುಪಾಲು ಪ್ಲೈವುಡ್. 1975ರಲ್ಲಿ ಕಾರ್ಖಾನೆ ಮುಚ್ಚಿತು.

ದುರಸ್ತಿಗೆ ಹೋದದ್ದು ಷಿಕಾಗೊದ ಪಿಲ್ಸನ್‌ಗೆ. ಹದಿನೆಂಟನೇ ಬೀದಿಯ ಗೋಡೆಗಳ ಮೇಲೆಲ್ಲ ಮೆಕ್ಸಿಕನ್ನರ ಚಿತ್ರಗಳು. ಅಂಗಡಿಗಳಿಂದ ಸುಟ್ಟ ಮೆಕ್ಕೆಜೋಳದ ಹಿಟ್ಟಿನ ವಾಸನೆ. ಬೇಕರಿಯೊಂದರ ಮಹಡಿಯಲ್ಲಿ ಗಿಟಾರು ದುರಸ್ತಿಯ ಮೇಸ್ತ್ರಿಯೊಬ್ಬರ ಕೆಲಸದ ಕೋಣೆ. ಅವರ ತಂದೆ ಉತ್ತರ ಮೆಕ್ಸಿಕೊದಿಂದ ಬಂದವರು. ಅಲ್ಲಿನ ಬಾಹೊ ಸೆಕ್ಸ್ಟೊ ಎಂಬ ಹನ್ನೆರಡು ತಂತಿಯ ದೈತ್ಯ ವಾದ್ಯವನ್ನು ರಿಪೇರಿ ಮಾಡುತ್ತಿದ್ದವರು. ಮಗನಿಗೂ ಜೋಡಿ ತಂತಿಗಳ ಉಪದ್ರವ ಎಳವೆಯಿಂದಲೇ ಗೊತ್ತು. ನನ್ನ ಜೊತೆಗೆ ಮಾವನವರೂ ಬಂದಿದ್ದರು. ಸಾಗರದವರು, ಅರಣ್ಯ ಇಲಾಖೆಯ ನಾಟಾ ಡಿಪೋದಲ್ಲಿ ಗುಮಾಸ್ತರಾಗಿ ನಿವೃತ್ತರಾದವರು, ಆರು ತಿಂಗಳ ವೀಸಾದಲ್ಲಿ ಮಗಳ ಮನೆಗೆ ಬಂದವರು. ಮರ ಎಂದರೆ ಎಲ್ಲಿಗಾದರೂ ಹೊರಟು ನಿಲ್ಲುತ್ತಾರೆ.

ಮೇಸ್ತ್ರಿ ತಂತಿ ಬಿಚ್ಚಿ, ನಾದರಂಧ್ರದೊಳಕ್ಕೆ ಚಿಕ್ಕ ದೀಪ ಇಳಿಬಿಟ್ಟು, ದಂತವೈದ್ಯರ ಕನ್ನಡಿಯಿಂದ ಒಳಗೆಲ್ಲ ನೋಡಿದರು. ಆಮೇಲೆ ಕನ್ನಡಿ ನನ್ನ ಕೈಗೆ ಕೊಟ್ಟರು. ಹಲಗೆಯ ಒಳಮೈಯಲ್ಲಿ ಪಟ್ಟಿಗಳು ಏಣಿಯ ಮೆಟ್ಟಿಲಿನ ಹಾಗೆ ಒಂದರ ಕೆಳಗೊಂದು ಅಡ್ಡಲಾಗಿ ಕೂತಿದ್ದವು. ಒಂದರ ತುದಿ ಬಿಟ್ಟುಕೊಂಡಿತ್ತು. ಬೆರಳ ಗೆಣ್ಣಿನಿಂದ ತಟ್ಟಿದರೆ ಜರಜರ ಸದ್ದು. ಕುದುರೆಯ ಕೆಳಗಿನ ತಟ್ಟೆಯಲ್ಲಿ ತಂತಿಯ ಗುಂಡುಗಳು ಕೊರೆದ ಕುಳಿಗಳು. ಕುದುರೆಯಲ್ಲೇ ಒಂದು ಉದ್ದ ಬಿರುಕು. ಉಕ್ಕಿನ ಅಳತೆಪಟ್ಟಿಯನ್ನು ಮೆಟ್ಟಿಲುಗಳ ಮೇಲಿಟ್ಟು ಮುಂದಕ್ಕೆ ಸರಿಸಿದರು. ಕತ್ತು ಸರಿಯಿದ್ದರೆ ಪಟ್ಟಿಯ ತುದಿ ಕುದುರೆಯ ನೆತ್ತಿಗೆ ಬಂದು ತಾಗಬೇಕು. ಇದು ಅದರ ಪಾದಕ್ಕೆ ಹೋಗಿ ಬಡಿಯಿತು.

"ಎರಡು ದಾರಿ ಇದೆ" ಎಂದರು ಮೇಸ್ತ್ರಿ. ಬೆನ್ನಿನ ಹಲಗೆ ಬಿಚ್ಚಿ, ಏಣಿಯಂಥ ಪಟ್ಟಿಗಳನ್ನೆಲ್ಲ ಕಿತ್ತು, ಮಾರ್ಟಿನ್ ಕಂಪನಿಯ ಗಿಟಾರುಗಳಲ್ಲಿರುವ ಹಾಗೆ ಎಕ್ಸ್ ಆಕಾರದಲ್ಲಿ ಹೊಸ ಪಟ್ಟಿ ಕೂರಿಸುವುದು ಒಂದು. ಹಾಗೆ ಮಾಡಿಸುವವರು ಬಹಳ ಮಂದಿ. ಹಲಗೆ ಗಟ್ಟಿಯಾಗುತ್ತದೆ, ಮಂದ್ರ ತುಂಬಿಬರುತ್ತದೆ, ಮಾರಿದರೆ ಬೆಲೆಯೂ ಬರುತ್ತದೆ. ಇನ್ನೊಂದು, ಇರುವುದನ್ನೇ ಭದ್ರಪಡಿಸಿ ಎಳೆತ ಕಡಿಮೆ ಮಾಡುವುದು. ನಾನು ಎರಡನೆಯದನ್ನೇ ಕೇಳಿದೆ. ಅಡ್ಡಪಟ್ಟಿಯ ಗಿಟಾರಿಗೆ ಒಂದು ಒಣ, ಚುರುಕು ದನಿ ಇರುತ್ತದೆ. ಸ್ವರ ಥಟ್ಟನೆ ಚಿಮ್ಮಿ ಬೇಗ ಅಡಗುತ್ತದೆ. ಹನ್ನೆರಡು ತಂತಿಗಳು ಒಟ್ಟಿಗೆ ಮೊಳಗುವಾಗ ಆ ಬೇಗ ಅಡಗುವ ಗುಣವೇ ಕಲಸುಮೇಲೋಗರವಾಗದಂತೆ ಕಾಯುವುದು. ಲೆಡ್ ಬೆಲಿಯ ಗಿಟಾರಿನಲ್ಲಿ ಇದ್ದದ್ದೂ ಅಡ್ಡಪಟ್ಟಿಗಳೇ. ಹಲಗೆ ಹೊಟ್ಟೆ ಬಿಡುವುದೂ, ಆ ದನಿ ಹೊಮ್ಮುವುದೂ ಒಂದೇ ರಚನೆಯಿಂದ. ಒಂದನ್ನು ಕಿತ್ತರೆ ಇನ್ನೊಂದೂ ಹೋಗುತ್ತದೆ. ಬಲವಾದ ಗಿಟಾರು ಬೇಕಾದವರಿಗೆ ಹೊಸದು ಸಿಗುತ್ತದೆ; ಹಳೆಯದರ ಹೊಟ್ಟೆ ಸೀಳಿ ಅದನ್ನು ಹೊಸದು ಮಾಡುವುದು ನನ್ನ ಮಟ್ಟಿಗೆ ಜೀರ್ಣೋದ್ಧಾರವಲ್ಲ. ಮೇಸ್ತ್ರಿ ತಲೆಯಾಡಿಸಿದರು, ಅವರ ಮನಸ್ಸಿನಲ್ಲಿದ್ದದ್ದೂ ಅದೇ ಎಂದು ಆಮೇಲೆ ಹೇಳಿದರು.

ಕತ್ತು ಬಿಚ್ಚುವ ದಿನ ನಾನೂ ಮಾವನವರೂ ಹೋಗಿದ್ದೆವು. ಹದಿನೈದನೇ ಮೆಟ್ಟಿಲನ್ನು ಕಾಯಿಸಿ ಮೆಲ್ಲಗೆ ಮೀಟಿ ತೆಗೆದು, ಅದು ಕೂತಿದ್ದ ಗೆರೆಯಲ್ಲಿ ಎರಡು ಸಣ್ಣ ತೂತು ಕೊರೆದರು. ಆ ತೂತುಗಳ ಕೆಳಗೇ ಕತ್ತಿನ ಕೀಲು ಇರುವುದು: ಒಳಗೆ ಅಗಲ, ಹೊರಗೆ ಕಿರಿದು ಮಾಡಿ ಕೆತ್ತಿದ ಗೂಟ, ಅದನ್ನು ಹಿಡಿದುಕೊಂಡದ್ದು ಪ್ರಾಣಿಗಳ ತೊಗಲಿನಿಂದ ಮಾಡಿದ ಅಂಟು. ಬಿಸಿ ತಾಗಿ ನೀರು ಸಿಕ್ಕರೆ ಆ ಅಂಟು ಬಿಟ್ಟುಕೊಡುತ್ತದೆ. ಅದೇ ಅದರ ದೊಡ್ಡ ಗುಣ. ಮುಂದೊಂದು ದಿನ ಯಾರಾದರೂ ಬಿಚ್ಚಿಯಾರು ಎಂಬುದಕ್ಕೆ ಅಲ್ಲಿ ಎಡೆ ಇದೆ. ಮೂಲೆಯ ಒಲೆಯ ಮೇಲೆ ಪ್ರೆಷರ್ ಕುಕ್ಕರ್ ಇತ್ತು. ವೆಯ್ಟ್ ಇಡುವ ಜಾಗದಿಂದ ಹೊರಟ ರಬ್ಬರ್ ಕೊಳವೆ, ಅದರ ತುದಿಗೆ ದಪ್ಪ ಸೂಜಿ. ಸೂಜಿ ತೂತಿಗಿಳಿದ ಸ್ವಲ್ಪ ಹೊತ್ತಿಗೆ ಬುಡದ ಸಂದಿನಿಂದ ಕಂದು ನೀರು ಜಿನುಗತೊಡಗಿತು. ಹಸಿ ತೊಗಲಿನ ವಾಸನೆ ಕೋಣೆಯನ್ನೆಲ್ಲ ತುಂಬಿತು. ಮೇಸ್ತ್ರಿ ಬಟ್ಟೆಯಿಂದ ನೀರು ಒರೆಸುತ್ತ, ಕತ್ತನ್ನು ಅಂಗೈಯಲ್ಲಿ ಹಿಡಿದು ಎಡಕ್ಕೆ ಬಲಕ್ಕೆ ಅಲುಗಿಸುತ್ತ ಇದ್ದರು. ಬಲ ಹಾಕಲೇ ಇಲ್ಲ. ಕಡೆಗೊಮ್ಮೆ ಚರ್ರೆಂದು ಕೀಲು ಮೇಲೆದ್ದಿತು.

ಮುಂದಿನದು ಉಳಿಯ ಕೆಲಸ. ಕತ್ತಿನ ಬುಡದ ತುದಿಯಲ್ಲಿ ಒಂದು ಮಿಲಿಮೀಟರ್ ಕೆತ್ತಿದರೆ ಕುದುರೆಯ ಬಳಿ ಸುಮಾರು ಮೂರು ಮಿಲಿಮೀಟರ್ ವ್ಯತ್ಯಾಸ ಬರುತ್ತದೆ. ಹಾಗಾಗಿ ಒಂದು ಸವರು, ಮತ್ತೆ ಕೂರಿಸಿ ನೋಡು, ಅಳತೆಪಟ್ಟಿ ಇಡು, ಮತ್ತೆ ತೆಗೆ. ಕೀಲು ಎಲ್ಲಿ ಒತ್ತುತ್ತಿದೆ ಎಂದು ತಿಳಿಯಲು ಸೀಮೆಸುಣ್ಣ ಬಳಿಯುತ್ತಿದ್ದರು. ಸಡಿಲವಾದ ಕಡೆ ಕಾಗದದಷ್ಟು ತೆಳುವಾದ ಮಹಾಗನಿ ಸೀಳು. ಅಂಟು ಹಾಕುವ ಮೊದಲೇ, ಬರಿಯ ಬಿಗಿಯಿಂದ ಕತ್ತು ನಿಲ್ಲಬೇಕು ಎಂಬುದು ಅವರ ಕಟ್ಟುನಿಟ್ಟು.

ಬಿರುಕುಬಿಟ್ಟ ಕುದುರೆಗೆ ಬದಲು ಹೊಸದು ಮಾಡಬೇಕಾಯಿತು. ಕಪಾಟಿನಿಂದ ಮೇಸ್ತ್ರಿ ಕಪ್ಪು ನೇರಳೆ ಬಣ್ಣದ ಒಂದು ಮರದ ತುಂಡು ತೆಗೆದು ಗರಗಸ ಹಾಕಿದ್ದೇ ತಡ, ಮಾವನವರು ಕುರ್ಚಿಯಿಂದ ಎದ್ದರು. ಹೊಟ್ಟನ್ನು ಚಿಟಿಕೆಯಲ್ಲಿ ತೆಗೆದು ಮೂಗಿಗೆ ಹಿಡಿದರು. "ಅಳಿಯಂದಿರೇ, ಇದು ನಮ್ಮ ಬೀಟೆ ಅಲ್ವೇನ್ರಿ?" ಹೌದು, ಬೀಟೆಯೇ. ಬ್ರೆಜಿಲ್ ತನ್ನ ಕಾಡಿನ ರೋಸ್‌ವುಡ್ ದಿಮ್ಮಿಗಳ ರಫ್ತು ನಿಲ್ಲಿಸಿದ ಮೇಲೆ, 1969ರ ಹೊತ್ತಿಗೆ ಮಾರ್ಟಿನ್ ಕಂಪನಿ ಭಾರತದ ರೋಸ್‌ವುಡ್‌ಗೆ ಅಂದರೆ ಬೀಟೆಗೆ ತಿರುಗಿತು; ಉಳಿದವರೂ ಅದೇ ಹಾದಿ ಹಿಡಿದರು. ಅಂದಿನಿಂದ ಪಶ್ಚಿಮಘಟ್ಟದ ಬೀಟೆ ಲೋಕದ ಗಿಟಾರುಗಳ ಬೆನ್ನಾಗಿ, ಕುದುರೆಯಾಗಿ, ಮೆಟ್ಟಿಲು ಕೂರುವ ಹಲಗೆಯಾಗಿ ನಾದ ಕೊಡುತ್ತಿದೆ. ನಮ್ಮಲ್ಲಿ ಸ್ವಂತ ಜಮೀನಿನ ಬೀಟೆ ಕಡಿಯಲೂ ಇಲಾಖೆಯ ಅನುಮತಿ ಬೇಕು. 2017ರಿಂದ ಆ ಕುಲದ ಮರಗಳ ವ್ಯಾಪಾರಕ್ಕೆ ಅಂತಾರಾಷ್ಟ್ರೀಯ ಕಟ್ಟುಪಾಡೂ ಬಂತು. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಮಾವನವರು ತುಂಡಿನ ಕೊನೆಯ ಉಂಗುರಗಳನ್ನು ಉಗುರಿನಿಂದ ಎಣಿಸುತ್ತ, ಇದು ನಿಧಾನ ಬೆಳೆದ ಮರ, ಗದ್ದೆಯಂಚಿನದಲ್ಲ, ಕಾಡಿನದು ಎಂದರು. ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಮೇಸ್ತ್ರಿ ಗರಗಸ ಕೆಳಗಿಟ್ಟು ಅವರ ಕೈ ಕುಲುಕಿದರು.

ಕೊಂಡ ಬೆಲೆಗಿಂತ ಕೂಲಿ ಹಲವು ಪಟ್ಟು ಹೆಚ್ಚಾಯಿತು. ಲೆಕ್ಕ ಹಾಕುವವರು ಈ ಕೆಲಸಕ್ಕೆ ಇಳಿಯದಿರುವುದು ಒಳ್ಳೆಯದು. ಬಿಲ್ಲಿನ ಹಿಂದೆ ಮೇಸ್ತ್ರಿ ಕೈಯಾರೆ ಬರೆದುಕೊಟ್ಟ ಸೂಚನೆಗಳು ನನಗೆ ಹಣಕ್ಕಿಂತ ಮುಖ್ಯ. ಎಂದೂ ಇ ಶ್ರುತಿಗೆ ಏರಿಸಬೇಡಿ, ಎರಡು ಮೆಟ್ಟಿಲು ಕೆಳಗೆ ಡಿಗೆ ನಿಲ್ಲಿಸಿ; ಅಷ್ಟರಿಂದಲೇ ಎಳೆತ ಐದರಲ್ಲಿ ಒಂದು ಪಾಲು ಇಳಿಯುತ್ತದೆ. ಮೂಲ ಶ್ರುತಿ ಬೇಕಾದರೆ ಎರಡನೇ ಮೆಟ್ಟಿಲಿಗೆ ಕೇಪೊ (ತಂತಿಗಳನ್ನೆಲ್ಲ ಒತ್ತಿ ಹಿಡಿಯುವ ಪಟ್ಟಿ) ಹಾಕಿ. ಚಳಿಗಾಲದಲ್ಲಿ ಹೀಟರು ಹಚ್ಚಿದಾಗ ಪೆಟ್ಟಿಗೆಯೊಳಗಿನ ತೇವಾಂಶ 45ರಿಂದ 50 ಪ್ರತಿಶತ ಇರಲಿ. ಮೂರನೇ ಜೋಡಿಯ ತೆಳು ತಂತಿ ಯಾವಾಗಲೂ ಒಂದೆರಡು ಹೆಚ್ಚಿಗೆ ಇಟ್ಟುಕೊಳ್ಳಿ. ಇಡೀ ಗಿಟಾರಿನಲ್ಲಿ ಅತಿ ಎತ್ತರದ ಸ್ವರ ಅದರದ್ದು. ದಪ್ಪ ಮಿಲಿಮೀಟರಿನ ಐದನೇ ಒಂದರಷ್ಟು.

ಹಲಗೆಯ ಹೊಟ್ಟೆ ಪೂರ್ತಿ ಇಳಿದಿಲ್ಲ, ಇಳಿಸುವುದೂ ಬೇಡವೆಂದು ಬಿಟ್ಟಿದ್ದೇವೆ. ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಅರೋರಾದ ಗೆಳೆಯರ ಮನೆಯಲ್ಲಿ ತಾಲೀಮು ನಡೆದಾಗ ಅದನ್ನು ಒಯ್ದೆ. ಹಾಡುವವರದು ಐದು ಮನೆ ಶ್ರುತಿ, ಅಂದರೆ ಜಿ. ಇಳಿಸಿದ ಗಿಟಾರಿನಲ್ಲಿ ಎ ಕಾರ್ಡಿನ ಹಿಡಿತಕ್ಕೆ ಜಿ ನುಡಿಯುವುದರಿಂದ ಕೇಪೊ ಕೂಡ ಬೇಕಾಗಲಿಲ್ಲ. ಭಾವಗೀತೆಯ ಪಲ್ಲವಿಗೆ ಬರಿಯ ಷಡ್ಜ ಪಂಚಮ ಮೀಟುತ್ತ ಹೋದಾಗ ಗಾಯಕಿ ಎಲೆಕ್ಟ್ರಾನಿಕ್ ತಂಬೂರವನ್ನು ತಾವೇ ಕೈಚಾಚಿ ನಿಲ್ಲಿಸಿದರು. ಎರಡನೇ ಚರಣದಲ್ಲಿ ಆ ತೆಳು ತಂತಿ ಟಣ್ಣೆಂದು ಕಡಿಯಿತು. ಅವರು ಹಾಡು ನಿಲ್ಲಿಸಲಿಲ್ಲ, ನಾನೂ ಹನ್ನೊಂದು ತಂತಿಗಳಲ್ಲೇ ಕೊನೆಯವರೆಗೆ ನುಡಿಸಿದೆ. ಹೊಸ ತಂತಿ ಕಟ್ಟಿ ಶ್ರುತಿಗೆ ತರುವಷ್ಟರಲ್ಲಿ ಮಾವನವರು ಪಕ್ಕದಲ್ಲಿ ಕೂತು, ಸುತ್ತ ನೆರೆದವರಿಗೆ ಬೀಟೆಯನ್ನೂ ತೇಗವನ್ನೂ ಹೊಟ್ಟಿನ ವಾಸನೆಯಿಂದ ಗುರುತಿಸುವುದು ಹೇಗೆಂದು ವಿವರಿಸುತ್ತಿದ್ದರು.